ಬಚ್ಚಲಮೋರಿಯ ಗಂಧವೃಕ್ಷ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಒಬ್ಬೊಬ್ಬರಿಗೆ ಒಂದೊಂದು ಲಾಭವಾಯಿತು. ಕೆಲವರಿಗೆ ಬಡ್ತಿ ಸಿಕ್ಕಿತು. ಕೆಲವರಿಗೆ ವರ್ಗವಾಯಿತು. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಬೋರ್ಡು ಬರೆಯುವವನಿಗೆ ಉರ್ದು ಅಳಿಸಿ ಕನ್ನಡ ಬರೆಯುವ ಕೆಲಸ ಕೈತುಂಬ ಬಂತು. ನನಗೆ ಒಂದು ಮರ ಸಿಕ್ಕಿತು. ಮರ ನನಗೆ ಸಿಕ್ಕಿತೋ, ನಾನೇ ಅದರ ಕೈಗೆ ಸಿಕ್ಕೆನೋ ಎಂಬುದನ್ನು ಓದುಗರೇ ತೀರ್ಮಾನಿಸಬೇಕು. ನನ್ನ ಹೆಂಡತಿ ಕೇಶರಬಾಯಿ ಈಗಾಗಲೇ ತೀರ್ಮಾನಿಸಿದ್ದಾಳೆ.

ನಾನು ಔರಾದ ತಾಲೂಕಿನ ಚಿಂತಾಕಿಯವನು. ಬೀದರದ ಒಂದು ಕಚೇರಿಯಲ್ಲಿ ಗುಮಾಸ್ತ. ಕಲಿತದ್ದು ಉರ್ದು, ಬರೆದದ್ದು ಉರ್ದು, ಮೇಲಧಿಕಾರಿಗಳಿಂದ ಬೈಸಿಕೊಂಡದ್ದೂ ಉರ್ದುವಿನಲ್ಲೇ. ಕನ್ನಡವೆಂಬುದು ಮನೆಯಲ್ಲಿ ಹೆಂಡತಿಯ ಹತ್ತಿರ ಸೋಲಲಿಕ್ಕೆ ಮಾತ್ರ ಬಳಸುವ ಭಾಷೆಯಾಗಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅದೇ ಭಾಷೆಯಲ್ಲಿ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬರೆಯಬೇಕಾಗಿ ಬಂತು. ನಮ್ಮಂಥವರನ್ನು ತಿದ್ದಲೆಂದು ಸರ್ಕಾರ ಬೆಂಗಳೂರಿಗೆ ತರಬೇತಿಗೆ ಕಳಿಸಿತು.

ಹೊರಡುವಾಗ ಕೇಶರ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು.

"ಏನ್ರಿ, ಬೆಂಗಳೂರಿಂದ ನಮ್ಮವ್ವಗ ಒಂದು ಗಂಧದ ಸಾಬೂನು ತರ್ರಿ. ಮರೀಬ್ಯಾಡ್ರಿ."

ಅವಳ ಅವ್ವ ಎಂದರೆ ಭಾಲ್ಕಿಯ ಸುಭದ್ರಾಬಾಯಿ. ನಮ್ಮ ಮದುವೆಯ ಮಾತುಕತೆಯ ವೇಳೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗ ಓದ್ಯಾನ ಖರೆ, ನೌಕರಿ ಅದ ಖರೆ, ಆದ್ರ ಕೈಗೆ ಕೊಟ್ಟಿದ್ದು ನೆಟ್ಟಗ ಮನಿ ಮುಟ್ಟಸ್ತಾನ ಅಂತ ಅನಸೂದಿಲ್ಲ" ಎಂದು ತುಂಬಿದ ಸಭೆಯಲ್ಲಿ ಸರ್ಟಿಫಿಕೇಟು ಕೊಟ್ಟ ಮಹಾತಾಯಿ. ಆ ಸರ್ಟಿಫಿಕೇಟನ್ನು ರದ್ದು ಮಾಡಿಸುವುದೇ ನನ್ನ ಜೀವನದ ಧ್ಯೇಯವಾಗಿತ್ತು. ಸಾಬೂನು ಕೊಂಡೆ. ಮರೆಯಲಿಲ್ಲ.

ಮರಳುವ ದಿನ ನಾವು ಇಳಿದುಕೊಂಡಿದ್ದ ವಸತಿಗೃಹದ ಹಿತ್ತಿಲಲ್ಲಿ ತೋಟದ ಮಾಲಿ ಗೋಡೆಯ ಬುಡದಲ್ಲಿ ಹುಟ್ಟಿದ್ದ ಎಳೆ ಸಸಿಗಳನ್ನು ಕಿತ್ತು ಕಿತ್ತು ಗುಡ್ಡೆ ಹಾಕುತ್ತಿದ್ದ. ಕೆಂಪು ಚಿಗುರಿನ ಚೆಂದದ ಸಸಿಗಳು.

"ಯಾವ ಗಿಡ ಇದು?" ಎಂದೆ.

ಅವನು ನನ್ನ ಕೋಟು ನೋಡಿದ, ಟೊಪ್ಪಿಗೆ ನೋಡಿದ, ನೆಲ ನೋಡಿದ. "ದೊಡ್ಡೋರ ಮುಂದೆ ಇದರ ಹೆಸ್ರು ಹೇಳಬಾರ್ದು ಬುದ್ಧಿ. ಬೇಕಾದ್ರೆ ಒಂದು ತಗೊಂಡೋಗಿ. ಈ ಸೀಮೇಲಿ ಎಲ್ಲಂದ್ರಲ್ಲಿ ಹುಟ್ಕೊತದೆ."

ನಾನು ಗುಮಾಸ್ತ. ಒಂದು ಕಾಗದ ನೋಡಿದರೆ ಅದರ ಹಿಂದಿನ ಹತ್ತು ಕಾಗದ ಊಹಿಸಬಲ್ಲವನು. ಮೈಸೂರು ಸೀಮೆಯಲ್ಲಿ ಎಲ್ಲೆಂದರಲ್ಲಿ ಹುಟ್ಟುವುದು, ಮತ್ತು ಹೆಸರು ಬಾಯಿಬಿಟ್ಟು ಹೇಳಬಾರದ್ದು ಯಾವುದು? ನಮ್ಮ ಕಡೆ ಗಂಧವೆಂದರೆ ಸಾಣೆಯ ಮೇಲೆ ತೇಯುವ ಗೇಣುದ್ದದ ಕೊರಡು ಅಷ್ಟೇ. ಮರವನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಿಲ್ಲ. ಆದರೂ ಇದು ಗಂಧವೇ ಇರಬಹುದೇ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಸಂಶಯ ಚಿಗುರಿತು. ಸಸಿಯ ಬುಡಕ್ಕೆ ಒದ್ದೆ ಗೋಣಿ ಸುತ್ತಿ ಚೀಲದಲ್ಲಿಟ್ಟೆ. ಸಾಬೂನು ಎಲ್ಲಿಯೂ ಕಳೆಯದಿರಲಿ ಎಂದು ಅದೇ ಚೀಲದ ತಳದಲ್ಲಿ, ಗೋಣಿಯ ಕೆಳಗೆ ಭದ್ರವಾಗಿ ತುರುಕಿದೆ.

ದಾರಿಯುದ್ದಕ್ಕೂ ಸಸಿಯನ್ನು ಮಗುವಿನಂತೆ ನೋಡಿಕೊಂಡೆ. ಗುಂತಕಲ್ಲಿನಲ್ಲಿ ಒಂದು ತಂಬಿಗೆ ನೀರು ಹಾಕಿದೆ, ವಾಡಿಯಲ್ಲಿ ಹಾಕಿದೆ, ವಿಕಾರಾಬಾದಿನಲ್ಲಿ ಗಾಡಿ ಬದಲಿಸುವಾಗ ನಲ್ಲಿಯ ಕೆಳಗೇ ಹಿಡಿದೆ. ಬೀದರದ ಮನೆ ಮುಟ್ಟಿ ಚೀಲ ಬಿಚ್ಚಿದರೆ ಸಸಿ ನಳನಳಿಸುತ್ತಿತ್ತು. ಸಾಬೂನು ಇರಲಿಲ್ಲ. ತೊಯ್ದ ಬಣ್ಣದ ಕಾಗದವೊಂದೇ ಇತ್ತು.

"ಕಳುವಾಗ್ಯಾದ!" ಎಂದೆ. ಯಾರೆಂಬುದೂ ಹೊಳೆಯಿತು. ಗುಂತಕಲ್ಲಿನಲ್ಲಿ ಹತ್ತಿ ವಾಡಿಯಲ್ಲಿ ಇಳಿದ ಒಬ್ಬ ಬಿಳಿ ಕೋಟಿನ ಮನುಷ್ಯ. ನಮ್ಮ ಗಾಡಿಯ ಮಸಿಯಲ್ಲಿ ಕೂತು ಅಷ್ಟು ಸ್ವಚ್ಛವಾಗಿ ಇಳಿದು ಹೋಗುವವನಿಗೆ ಸಾಬೂನು ಎಲ್ಲಿಂದ ಬರಬೇಕು?

ಕೇಶರ ನನ್ನ ಮಾತು ಕೇಳುತ್ತಿರಲಿಲ್ಲ. ಚೀಲದೊಳಗೆ ಮೂಗಿಟ್ಟಿದ್ದಳು. "ಏನ್ರಿ! ಈ ಗಿಡ ಗಂಧದ ವಾಸನಿ ಹೊಡೀಲಿಕತ್ತದ!"

ನಾನೂ ಮೂಸಿದೆ. ಬೇರು, ಮಣ್ಣು, ಗೋಣಿ, ಎಲ್ಲ ಘಮಘಮ. ನನ್ನ ಸಂಶಯ ಆ ಕ್ಷಣದಲ್ಲಿ ಸಿದ್ಧಾಂತವಾಯಿತು.

"ಮತ್ತೇನಂದಿ?" ಎಂದೆ, ಕಾಲರು ಸರಿಮಾಡಿಕೊಂಡು. "ಸಾಬೂನು ಎಷ್ಟು ದಿನ ಬರ್ತದ? ನಿಮ್ಮವ್ವಗ ನಾ ಗಂಧದ ಮರಾನೇ ತಂದೇನಿ. ಇದು ದೊಡ್ಡದಾಗಲಿ, ಇದರ ಮರಿ ಭಾಲ್ಕಿಗೆ."

ಬಚ್ಚಲಮೋರಿಯ ಪಕ್ಕದಲ್ಲಿ, ಅಂಗಳದ ಬಾವಿಯಿಂದ ಸ್ವಲ್ಪ ದೂರದಲ್ಲಿ ನೆಟ್ಟೆವು. ಮೊದಲ ತಂಬಿಗೆ ನೀರು ಹಾಕಿದ ಕೇಶರ ಬಗ್ಗಿ ನೋಡಿದಳು.

"ಮಣ್ಣಿಗೆ ನೊರಿ ಬರ್ಲಿಕತ್ತದಲ್ರಿ?"

"ಗಂಧದ ಎಣ್ಣಿ ಅದು. ಹೊಸಾ ಗಿಡ ಹೀಂಗೇ ಬಿಡ್ತದ."

(ನಾನು ಅಷ್ಟು ಖಚಿತವಾಗಿ ಹೇಳಿದ ಮಾತು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.)

ಮನೆ ನಮ್ಮದಲ್ಲ. ಶಾಕಿರಾ ಬೇಗಂ ಅವರದು. ಅವರನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅರ್ಧ ಮನೆಯಲ್ಲಿ ಅವರು, ಅರ್ಧದಲ್ಲಿ ನಾವು, ನಡುವೆ ಅಂಗಳ, ಅಂಗಳದಲ್ಲಿ ಸಿಹಿನೀರಿನ ಬಾವಿ. ಬೀದರದ ಎತ್ತರದಲ್ಲಿ ಮನೆಯೊಳಗೆ ಸಿಹಿನೀರಿನ ಬಾವಿ ಇದೆಯೆಂದರೆ ಏನರ್ಥ ಎಂಬುದನ್ನು ಬೀದರದ ಹೆಂಗಸರನ್ನು ಕೇಳಬೇಕು. ಪಕ್ಕದ ಓಣಿಯವರು ಕೊಡ ಹೊತ್ತು ಇಳಿಜಾರು ಇಳಿದು ಹತ್ತುವಾಗ ಕೇಶರ ಬಾಗಿಲಲ್ಲಿ ನಿಂತು ಅವರನ್ನು ನೋಡುತ್ತಿದ್ದ ರೀತಿಯಲ್ಲಿ ಬಹಮನಿ ಸುಲ್ತಾನರ ಗತ್ತಿತ್ತು. "ನೌಕರಿ ಹೋದ್ರ ಹೋಗಲಿ," ಎಂದು ಅವಳು ನನಗೆ ಮೊದಲೇ ಹೇಳಿದ್ದಳು, "ಈ ಬಾವಿ ಬಿಟ್ಟು ನಾ ಎಲ್ಲೂ ಬರೂದಿಲ್ಲ."

ಮೋರಿಯ ನೀರು ಕುಡಿದು ಗಿಡ ಕಂಡಕಂಡಂತೆ ಬೆಳೆಯಿತು. ಗಂಧದ ಪರಿಮಳ ಮಾತ್ರ ಒಂದು ವಾರದಲ್ಲಿ ಹೋಗಿಬಿಟ್ಟಿತು. ಬಂದುಹೋದವರೆಲ್ಲ ಎಲೆ ಮುಟ್ಟಿ ಒಂದೊಂದು ಹೆಸರು ಹೇಳತೊಡಗಿದರು. ನಮ್ಮ ಕಚೇರಿಯ ಹೆಡ್ ಗುಮಾಸ್ತರಾದ ಅಬ್ದುಲ ವಾಹೀದ ಮಿಯಾ ಒಂದು ಭಾನುವಾರ ಬಂದು, ಕನ್ನಡಕ ಏರಿಸಿ, "ಮಚ್ಛೇಂದ್ರ, ಇದು ಅಖರೋಟ್ ಅದ. ಕಾಶ್ಮೀರದ ಚಿತ್ರದಾಗ ನೋಡೇನಿ" ಎಂದರು. ಖಾಲಾ ಪರದೆಯ ಹಿಂದಿನಿಂದ, "ಅಖರೋಟ್ ನಕ್ಕೊ ಬೋಲೋ ಭಾಯಿ, ಹಂಗ ಅನಬ್ಯಾಡ್ರಿ, ನುಗ್ಗಿ ಗಿಡದ ತಮ್ಮ ಇದ್ದಂಗ ಅದ" ಎಂದರು.

"ಗಂಧ!" ಎಂದೆ ನಾನು. "ಮೈಸೂರು ಗಂಧ."

"ಗಂಧದ ಗಿಡಕ ಗಂಧ ಎಲ್ಲದರಿ?" ಎಂದಳು ನನ್ನ ಅರ್ಧಾಂಗಿ, ಮೂರನೆಯವರ ಮುಂದೆ.

"ಗಂಧ ಕಟಗಿ ಒಳಗಿರ್ತದ. ಎಲಿಯೊಳಗಲ್ಲ."

"ಬಂದ ದಿನ ಎಲ್ಲಾ ಕಡಿ ಇತ್ತಲ್ರಿ?"

"ಅದು ಪ್ರಯಾಣದ ಆಯಾಸ" ಎಂದೆ. ಆ ಮಾತಿಗೆ ನನಗೇ ಅರ್ಥ ಗೊತ್ತಿರಲಿಲ್ಲ. ಆದರೆ ವಾಹೀದ ಮಿಯಾ "ಹೌ" ಎಂದು ತಲೆದೂಗಿದ್ದರಿಂದ ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯಬೇಕಾಗಿತ್ತು. ಅಷ್ಟರಲ್ಲಿ ನಮ್ಮ ಕಚೇರಿಗೆ ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಪುಟ್ಟಸ್ವಾಮಯ್ಯ ಎಂದು ಹೆಸರು. ಜೋಳದ ರೊಟ್ಟಿ ಕಂಡರೆ ಹೆದರುತ್ತಿದ್ದರು. ಬಿಸಿಲು ಕಂಡರೆ ಇನ್ನೂ ಹೆದರುತ್ತಿದ್ದರು. ಅವರಿಗೆ ತವರಿನ ಮಾತು ಆಡಿ ಹತ್ತಿರವಾಗೋಣವೆಂದು ನಾನು ಒಂದು ದಿನ ಸಹಿ ಮಾಡಿಸುವಾಗ, "ಸಾಹೇಬ್ರ, ನಿಮ್ಮ ಮೈಸೂರಿನ ಗಂಧದ ಮರ ನಮ್ಮ ಮನಿ ಅಂಗಳದಾಗ ಅದರಿ" ಎಂದೆ.

ಪೆನ್ನು ನಿಂತಿತು. "ಏನ್ರೀ? ಗಂಧದ ಮರಾನೇ? ನಿಮ್ಮ ಮನೇಲಾ?"

"ಹೌದ್ರಿ. ನಾನೇ ತಂದು ಹಚ್ಚೇನಿ."

"ನೋಡಿ ಮಚ್ಛೇಂದ್ರ, ನಿಮಗೆ ಗೊತ್ತಿಲ್ಲ ಅಂತ ಕಾಣತ್ತೆ. ನಮ್ಮಲ್ಲಿ ಗಂಧದ ಮರ ಎಲ್ಲೇ ಬೆಳೀಲಿ, ನಿಮ್ಮ ಅಡುಗೆಮನೇಲೇ ಬೆಳೀಲಿ, ಅದು ಸರ್ಕಾರದ್ದು. ಕಡಿಯೋ ಹಾಗಿಲ್ಲ, ಕೊಡೋ ಹಾಗಿಲ್ಲ, ಮಾರೋ ಹಾಗಿಲ್ಲ. ಒಂದು ರೆಂಬೆ ಮುರಿದ್ರೂ ಕೇಸು. ನೌಕರಿ ಕೂಡ ಹೋಗತ್ತೆ. ಜೋಪಾನ ಕಣ್ರೀ."

ಆ ಸಂಜೆ ನಾನು ಮನೆಗೆ ಬಂದ ನಡಿಗೆಯೇ ಬೇರೆ. ಅಷ್ಟಿಷ್ಟು ಪಗಾರದ ಗುಮಾಸ್ತನ ಅಂಗಳದಲ್ಲಿ ಸಾಕ್ಷಾತ್ ಮೈಸೂರು ಸರ್ಕಾರ ಬೇರು ಬಿಟ್ಟು ನಿಂತಿದೆ! ಕೇಶರ ಕೊಂಬೆಗೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದಳು.

"ತೆಗೀ ಮೊದಲ ಅದನ್ನ! ಸರ್ಕಾರದ ಮ್ಯಾಲ ಸೀರಿ ಹಾಕ್ತಿ ಏನ?"

"ಸರ್ಕಾರ ನಮ್ಮ ಬಚ್ಚಲದ ನೀರು ಕುಡೀತದ, ನನ್ನ ಸೀರಿ ಒಣಗಿಸಿದ್ರ ಏನಾಗ್ತದ?"

ಕಾಯಿದೆ ಕಲಿಯದವರ ಹತ್ತಿರ ವಾದಿಸಬಾರದು. ನಾನೇ ಹಗ್ಗ ಬಿಚ್ಚಿದೆ.

ಆದರೆ ಕಾಯಿದೆ ನನಗೆ ತಿಳಿಯುವ ಮುಂಚೆಯೇ ಒಂದು ಪ್ರಮಾದ ನಡೆದುಹೋಗಿತ್ತು. ಮರದ ಬೇರಿನಿಂದ ಒಂದು ಮರಿ ಎದ್ದಿತ್ತು. ಮಾತಿಗೆ ತಪ್ಪದವನಾಗಿ ಅದನ್ನು ಡಬ್ಬಿಯಲ್ಲಿಟ್ಟು, ರೈಲು ಹತ್ತಿ, ಭಾಲ್ಕಿಗೆ ಹೋಗಿ ಅತ್ತೆಯ ಕೈಗೆ ಒಪ್ಪಿಸಿದ್ದೆ. ಸುಭದ್ರಾಬಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಓಣಿಯನ್ನೆಲ್ಲ ಕರೆದು, "ನಮ್ಮ ಅಳಿಯ ಮೈಸೂರು ಮಹಾರಾಜರ ತ್ವಾಟದಿಂದ ತಂದಾನ" ಎಂದು ಸಾರಿದ್ದರು. (ಮಹಾರಾಜರು ಅವರೇ ಸೇರಿಸಿಕೊಂಡದ್ದು. ನಾನು ತಿದ್ದಲಿಲ್ಲ.) ಸರ್ಟಿಫಿಕೇಟು ರದ್ದಾಗಿತ್ತು. ಈಗ ಯೋಚಿಸಿದರೆ, ನಾನು ಸರ್ಕಾರದ ಸ್ವತ್ತನ್ನು ಅತ್ತೆಗೆ ಉಡುಗೊರೆ ಕೊಟ್ಟ ಅಪರಾಧಿ. ಆಮೇಲೆ ಕಚೇರಿಯಲ್ಲಿ ಗಂಧದ ಸುದ್ದಿಯನ್ನೇ ಎತ್ತಲಿಲ್ಲ. ಸಾಹೇಬರು ಆಗಾಗ "ನಿಮ್ಮ ಮರ ಹೇಗಿದೆ?" ಎಂದರೆ ಬೆವರು ಒರೆಸಿಕೊಂಡು "ಆರಾಮ ಅದರಿ" ಎನ್ನುತ್ತಿದ್ದೆ.

ಮರ ನಿಜಕ್ಕೂ ಆರಾಮ ಇತ್ತು. ನಾವೇ ಇರಲಿಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮಾಳಿಗೆಯ ಮೇಲೆ ಹೋಯಿತು. ಬೇರು ಮನೆಯ ಕೆಳಗೆ ಬಂತು. ಬಚ್ಚಲದ ಹಾಸುಗಲ್ಲಿನ ಸಂದಿಯಿಂದ ಒಂದು ಮರಿ ತಲೆಯೆತ್ತಿತು. ಒಲೆಯ ಪಕ್ಕದಲ್ಲಿ ಇನ್ನೊಂದು, ಕೇಶರ ಕೂತು ರೊಟ್ಟಿ ಬಡಿಯುವ ಜಾಗದಲ್ಲೇ. ಅವಳು ರೊಟ್ಟಿ ಬಡಿಯುತ್ತ ಅದನ್ನೂ ಬಡಿಯುತ್ತಿದ್ದಳು, ಮರುದಿನ ಅದು ಮತ್ತೆ ಹಾಜರು. ಖಾಲಾ ನಮಾಜು ಮಾಡುವ ಕೋಣೆಯಲ್ಲೂ ಒಂದು ಎದ್ದಿತಂತೆ. ಅಷ್ಟಾದರೂ ಖಾಲಾ ಸಹಿಸಿದರು. ಒಂದು ಬೆಳಿಗ್ಗೆ ನೀರು ಸೇದಲು ಬಗ್ಗಿದವರು ಕೂಗಿಕೊಂಡರು.

"ಏ ಮಚ್ಛೇಂದ್ರ ಬೇಟಾ! ಇಲ್ಲಿ ಬಾ! ನೋಡು!"

ಬಾವಿಯೊಳಗೆ, ಕಟ್ಟಡದ ಕಲ್ಲುಗಳ ನಡುವಿನಿಂದ ಕೈಗಾತ್ರದ ಬೇರು ಹೊರಬಂದು ನೀರಿನತ್ತ ಇಳಿಯುತ್ತಿತ್ತು. ಒಂದು ಕಲ್ಲು ಜಾಗ ಬಿಟ್ಟಿತ್ತು. ಮೊಳದುದ್ದದ ಚಿಗುರು ಬಾವಿಯ ನಡುವೆ ತೂಗಾಡುತ್ತಿತ್ತು.

ಖಾಲಾ ಸಾಮಾನ್ಯಕ್ಕೆ ಸಿಟ್ಟಾಗುವವರಲ್ಲ. ಅಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು. ಅದೇ ಹೆದರಿಕೆ ಹುಟ್ಟಿಸಿತು. "ಈ ಬಾವಿ ನಮ್ಮ ಅಜ್ಜ, ನಮ್ಮ ದಾದಾ ತೋಡಿಸಿದ್ದು ಬೇಟಾ. ಕೇಶರ ನನ್ನ ಮಗಳಿದ್ದಂಗ. ಆದ್ರ ಈದ್ ಹಬ್ಬದ ಸುಣ್ಣಾ ಹಚ್ಚೂದ್ರಾಗ ಈ ಗಿಡ, ಈ ಝಾಡ ಹೋಗಬೇಕು. ಝಾಡ ಹೋಗಲಿಲ್ಲಂದ್ರ ನೀವು ಹೋಗಬೇಕು. ಎರಡರಾಗ ಒಂದು."

"ಖಾಲಾ, ಅದು ಸರ್ಕಾರದ..."

"ಸರ್ಕಾರ ಬಾವಿಯೊಳಗ ಬಿದ್ರ ಸರ್ಕಾರಕ್ಕ ಯಾರು ಎತ್ತಬೇಕು?"

ಅಂದಿನಿಂದ ನನ್ನ ಸ್ಥಿತಿಯನ್ನು ಓದುಗರು ಊಹಿಸಬಹುದು. ಕಡಿದರೆ ನೌಕರಿ ಹೋಗುತ್ತದೆ. ಕಡಿಯದಿದ್ದರೆ ಬಾವಿ, ಮನೆ ಎರಡೂ ಹೋಗುತ್ತವೆ. ಬಾವಿ ಹೋದರೆ ಕೇಶರ ಭಾಲ್ಕಿಗೆ ಹೋಗುತ್ತಾಳೆ. ಭಾಲ್ಕಿಯಲ್ಲಿ ಇನ್ನೊಂದು ಮರ ಕುಂಕುಮ ಹಚ್ಚಿಕೊಂಡು ನನ್ನ ಹೆಸರು ಹೇಳಿಕೊಂಡು ನಿಂತಿದೆ.

ಮರ ತಾನಾಗಿ ಸತ್ತರೆ ಯಾರ ಮೇಲೂ ಕೇಸಿಲ್ಲವಲ್ಲ ಎಂದು ಬುಡಕ್ಕೆ ಕುದಿಯುವ ನೀರು ಸುರಿದೆ. ಅದು ಬಿಸಿನೀರು ಸ್ನಾನ ಮಾಡಿದ ಮದುಮಗನ ಹಾಗೆ ಹೊಳೆಯಿತು. ಉಪ್ಪು ಹಾಕಿದೆ. ಚಿಗುರಿತು. ಬೈದೆ. (ಉರ್ದುವಿನಲ್ಲಿ. ಬೈಗುಳಕ್ಕೆ ನಾನು ಇನ್ನೂ ತರಬೇತಿ ಪಡೆದಿಲ್ಲ.) ಅದು ಮೊಗ್ಗು ಬಿಟ್ಟಿತು.

ಹೌದು, ತುದಿಯಲ್ಲಿ ಬೆರಳಿನಂತೆ ಬಾಗಿದ ಮೊಗ್ಗಿನ ಗೊಂಚಲುಗಳು ಬಂದವು. ಆಮೇಲೆ ಬೊಗಸೆಯಷ್ಟು ದೊಡ್ಡ, ಕೆಂಡದಂಥ ಹೂಗಳು ಅರಳಿದವು. ಓಣಿಯ ಜನ ನಿಂತು ನೋಡುವ ಹಾಗಾಯಿತು. ಚೆಂದ ಎಂಬುದರಲ್ಲಿ ಎರಡು ಮಾತಿಲ್ಲ. ಮನೆ ಮುರಿಯುತ್ತಿದ್ದರೂ ಅಲಂಕಾರಕ್ಕೆ ಕೊರತೆ ಮಾಡಲಿಲ್ಲ.

"ಸಾಹೇಬ್ರನ್ನ ಊಟಕ್ಕ ಕರೀರಿ" ಎಂದಳು ಕೇಶರ.

"ಯಾಕ? ನನ್ನ ಹಿಡಕೊಂಡು ಹೋಗ್ಲಿಕ್ಕ?"

"ಬಾವಿ ತೋರಸ್ರಿ, ಬೇರು ತೋರಸ್ರಿ. ಸರ್ಕಾರದ ಮರ ಸರ್ಕಾರಾನೇ ಕಡಕೊಂಡು ಒಯ್ಯಲಿ. ಹೋಳಿಗಿ ಮಾಡ್ತೇನಿ. ಹೊಟ್ಟಿ ತುಂಬಿದ ಮನಿಷ್ಯಾ ಕೇಸ್ ಹಾಕೂದಿಲ್ಲ."

"ಭಾಲ್ಕಿ ಮರಿ ಸುದ್ದಿ ಎತ್ತಿದ್ರ?"

"ಅದನ್ನ ನೀವು ಎತ್ತಬ್ಯಾಡ್ರಿ. ನಿಮಗ ಕೇಳಲಾರದ್ದು ಹೇಳೂ ಚಟ ಅದ."

ಭಾನುವಾರ ಸಾಹೇಬರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದ್ದೆ. ಖಾಲಾ ತಮ್ಮ ಬಾಗಿಲಿನ ಪರದೆಯ ಹಿಂದೆ, ಕೇಶರ ಅಡುಗೆಮನೆಯ ಬಾಗಿಲಲ್ಲಿ. ನಾನು ಮರದ ಕಡೆಗೆ ಕೈ ಚಾಚಿ, ಕಂಠಪಾಠ ಮಾಡಿಕೊಂಡಿದ್ದ ಶುದ್ಧ ಕನ್ನಡದಲ್ಲಿ, "ಸಾಹೇಬರೇ, ತಮ್ಮ ಅವಗಾಹನೆಗಾಗಿ, ಇದೇ ಆ ಸರ್ಕಾರಿ ಗಂಧವೃಕ್ಷ" ಎಂದೆ.

ಸಾಹೇಬರು ಮರ ನೋಡಿದರು. ನನ್ನನ್ನು ನೋಡಿದರು. ಮತ್ತೆ ಮರ ನೋಡಿದರು. ಎದ್ದು ಹೋಗಿ ಬಗ್ಗಿದ ಕೊಂಬೆಯಿಂದ ಒಂದು ಮೊಗ್ಗು ಕಿತ್ತರು. ಅದರ ತುದಿ ಚಿವುಟಿ ನನ್ನ ಮುಖದ ನೇರಕ್ಕೆ ಹಿಡಿದು ಹಿಂಡಿದರು. ಚಿರ್ ಎಂದು ನೀರಿನ ಧಾರೆ ನನ್ನ ಬಲಗಣ್ಣಿಗೆ ಹೊಡೆಯಿತು.

ಸಾಹೇಬರು ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಚೇರಿಯಲ್ಲಿ ಹಲ್ಲು ತೋರಿಸದ ಮನುಷ್ಯ. "ಅಯ್ಯೋ ರಾಮ! ಗಂಧವಂತೆ! ನಾವು ಇಸ್ಕೂಲಿಗೆ ಹೋಗೋವಾಗ ಇದರ ಮೊಗ್ಗು ಜೇಬಲ್ಲಿ ತುಂಬ್ಕೊಂಡು ಮೇಷ್ಟ್ರಿಗೇ ಹೊಡೀತಿದ್ವಲ್ರೀ!"

"ಹಂಗಾದ್ರ ಇದು ಯಾವ ಮರರಿ?"

ಸಾಹೇಬರು ಹೆಂಗಸರ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಬೆಂಗಳೂರಿನ ಮಾಲಿ ಯಾಕೆ ನಾಚಿದ ಎಂಬುದು ಆಗ ಗೊತ್ತಾಯಿತು.

"ಸಾಬ ಕ್ಯಾ ಬೋಲೆ?" ಎಂದಿತು ಪರದೆ.

"ಏನಂತ್ರಿ ಹೆಸರು?" ಎಂದಿತು ಅಡುಗೆಮನೆ.

"ನೀರುಕಾಯಿ ಮರ ಅಂತ" ಎಂದೆ, ಕಣ್ಣು ಒರೆಸಿಕೊಳ್ಳುತ್ತ.

ಸಾಹೇಬರು ಸತ್ಯವಂತರು. "ಅಲ್ಲ ಕಣ್ರೀ! ನೀರುಕಾಯಿ ಅನ್ನೋದು ಹೆಂಗಸರ ಮುಂದೆ. ನಿಜವಾದ ಹೆಸರು ಉಚ್ಚೆಕಾಯಿ ಮರ!" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದರು.

ಪರದೆ ಅಲುಗಾಡಿತು. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು.

"ಅಲಂಕಾರಕ್ಕೆ ಅಂತ ಯಾರೋ ಹೊರದೇಶದಿಂದ ತಂದು ರಸ್ತೆ ಬದಿ ನೆಟ್ಟದ್ದು," ಎಂದು ಸಾಹೇಬರು ಹೋಳಿಗೆ ಮುರಿಯುತ್ತ ವಿವರಿಸಿದರು. "ನೋಡೋಕೆ ರಾಜ. ಹತ್ತಿರ ಬಿಟ್ಕೊಂಡ್ರೆ ಬೇರಲ್ಲೂ ಹುಟ್ಟತ್ತೆ, ಬೀಜದಲ್ಲೂ ಹುಟ್ಟತ್ತೆ, ಕಡಿದಷ್ಟೂ ಚಿಗುರತ್ತೆ. ಇದಕ್ಕೂ ಸರ್ಕಾರಕ್ಕೂ ಏನೂ ಸಂಬಂಧ ಇಲ್ಲ. ಧಾರಾಳವಾಗಿ ಕಡೀರಿ." ಹೋಗುವಾಗ ಜೇಬಿನ ತುಂಬ ಮೊಗ್ಗು ಕಿತ್ತುಕೊಂಡು ಹೋದರು. ಮರುದಿನ ವಾಹೀದ ಮಿಯಾ ಫೈಲು ಹಿಡಿದು ಒಳಗೆ ಹೋದವರು ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಬಂದರು. ಏನಾಯಿತೆಂದು ನಾನು ಕೇಳಲಿಲ್ಲ.

ಮರ ಕಡಿಸಿದೆವು. ಕಟ್ಟಿಗೆ ಒಲೆಗೆ ಇಟ್ಟರೆ ಉರಿಯಲೂ ಇಲ್ಲ, ಹೊಗೆ ಮಾತ್ರ ಕೊಟ್ಟಿತು. "ಗಂಧದ ಹೊಗಿ ತಗೋರಿ" ಎಂದು ಕೇಶರ ಊದುಗೊಳವೆಯನ್ನು ನನ್ನ ಕಡೆ ತಿರುಗಿಸಿದಳು. ಬೇರು ತೆಗೆಯುವ ಪುಣ್ಯಕಾರ್ಯ ನನ್ನದೇ ಆಯಿತು. ದಿನಾಲು ಕಚೇರಿಗೆ ಹೋಗುವ ಮುಂಚೆ ಗುದ್ದಲಿ ಹಿಡಿದು ಅಂಗಳ ಅಗೆದೆ, ಬಚ್ಚಲದ ಕಲ್ಲು ಎತ್ತಿದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೂ ಇಳಿದೆ. ಖಾಲಾ ಹೊರಸಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, "ಆ ಮೂಲಿಯೊಳಗ ಒಂದು ಅದ ಬೇಟಾ" ಎಂದು ಮಾರ್ಗದರ್ಶನ ಮಾಡುತ್ತಿದ್ದರು. ಸರಿದ ಕಲ್ಲು ಕೂತಿತು. ಈದ್ ಹಬ್ಬದ ಸುಣ್ಣವಾಯಿತು. ಹಬ್ಬದ ದಿನ ಶೀರಖುರಮಾ ಪಾಯಸ ಕೊಟ್ಟು ಖಾಲಾ ಹೇಳಿದರು.

"ಈಗ ಮನಿ ನಿಮ್ಮದೇ. ಆದ್ರ ಕೇಳು ಬೇಟಾ. ಇನ್ನ ಆ ಝಾಡದ ಒಂದು ಎಲಿ ನನ್ನ ಕಣ್ಣಿಗೆ ಕಂಡ್ರ, ಅದೇ ದಿನ ಖಾಲಿ. ಈ ಬಾವಿ ಆಣಿ."

"ಒಂದು ಎಲಿ ಕಂಡ್ರ ಕೇಳ್ರಿ ಖಾಲಾ" ಎಂದೆ. ನಾನು ಎದೆ ತಟ್ಟಿಕೊಂಡೂ ಹೇಳಿದೆನಂತೆ. ಕೇಶರ ಹಾಗೆನ್ನುತ್ತಾಳೆ.

ಹೀಗೆ ಕತೆ ಸುಖಾಂತವಾಗಿತ್ತು, ಭಾಲ್ಕಿಯಿಂದ ಸುಭದ್ರಾಬಾಯಿ ಬರದೇ ಇದ್ದಿದ್ದರೆ. ಅವರಿಗೆ ನಾವು ನಿಜ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿರಲಿಲ್ಲ. ಮರ ಕಡಿದ ಸುದ್ದಿ ಮಾತ್ರ ಯಾರಿಂದಲೋ ಭಾಲ್ಕಿಗೆ ಮುಟ್ಟಿತ್ತು. ಅತ್ತೆ ಸ್ಟೇಷನ್ನಿನಿಂದ ನೇರ ಬಂದು, ಒದ್ದೆ ಅರಿವೆಯಿಂದ ಸುತ್ತಿದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತರು. ನಮ್ಮ ಅದೃಷ್ಟಕ್ಕೆ ಖಾಲಾ ನೆಂಟರ ಮನೆಗೆ ಹೋಗಿದ್ದರು.

"ಅಳಿಯಂದ್ರೇ, ನಿಮ್ಮ ಗಂಧದ ಗಿಡ ಯಾರೋ ಪಾಪಿ ಕಡದಾನಂತ ಕೇಳಿ ನನ್ನ ಕರುಳು ಕಿತ್ತು ಬಂದಂಗಾತು. ಅದಕ ನಮ್ಮ ಗಿಡದ ಮರಿ ತಂದೇನಿ. ಇವತ್ತೇ ಹಚ್ರಿ."

ಪಾಪಿ ತಲೆ ತಗ್ಗಿಸಿ ನಿಂತ.

"ಅವ್ವಾ, ಅದು..." ಎಂದಳು ಕೇಶರ. ನಾನು ಅವಳಿಗೆ ಕಣ್ಣು ಸನ್ನೆ ಮಾಡಿದೆ.

"ದಾರಿಯೊಳಗ ಒಣಗಬಾರದಂತ ಪ್ರತಿ ಸ್ಟೇಷನ್ನಾಗ ನೀರು ಹಾಕೇನಿ" ಎಂದು ಅತ್ತೆ ಚೀಲ ಬಿಚ್ಚಿದರು. "ಮೂಸಿ ನೋಡ್ರಿ ಹ್ಯಾಂಗ ವಾಸನಿ ಹೊಡೀತದ! ನಮ್ಮ ಮನಿಯಾಗ ಇದ್ದಾಗ ವಾಸನಿ ಇರಲಿಲ್ಲ.  ನಿಮ್ಮ ಮನಿಗೆ ಬಂದ ಕೂಡಲೇ ಗಂಧ ಬಿಟ್ಟದ. ಗಿಡಕ್ಕೂ ಹುಟ್ಟಿದ ಮನಿ ಗೊತ್ತಾಗ್ತದ ನೋಡ್ರಿ."

ನಿಜ. ಘಮಘಮ. ನಾನು ಬೆಪ್ಪಾದೆ. ಸಾಹೇಬರೇ ತಪ್ಪಿದರೇ? ಇದು ನಿಜವಾಗಿಯೂ ಗಂಧವೇ? ನಾನು ಸರ್ಕಾರದ ಮರವನ್ನು...

ಕೇಶರ ಚೀಲದೊಳಗೆ ಕೈ ಹಾಕಿದಳು. ಗಿಡದ ಬುಡದ ಕೆಳಗಿನಿಂದ, ಅರ್ಧ ಕರಗಿ ಮೆತ್ತಗಾದ ಒಂದು ಸಾಬೂನನ್ನು ತೆಗೆದಳು. ತೊಯ್ದ ಬಣ್ಣದ ಕಾಗದ ಅದಕ್ಕೆ ಅಂಟಿಕೊಂಡಿತ್ತು.

"ಅಯ್ಯ, ಅದು ನಿನಗಂತ ತಂದೇನವ್ವಾ" ಎಂದರು ಅತ್ತೆ. "ಕಳೀಬಾರದಂತ ತಳಕ್ಕ ಇಟ್ಟಿದ್ದೆ. ಈಗ ಭಾಲ್ಕಿ ಅಂಗಡಿಯಾಗೂ ಸಿಗ್ತದ."

ಕೇಶರ ಸಾಬೂನು ನೋಡಿದಳು. ಮಣ್ಣು ನೋಡಿದಳು. ಮಣ್ಣಿನಲ್ಲಿ ನೊರೆ ಇತ್ತು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಏನ್ರಿ, ವಾಡಿ ಸ್ಟೇಷನ್ನಾಗ ಇಳದ ಆ ಬಿಳಿ ಕೋಟಿನಾವ..."

"ಅವ ಭಾಳ ಒಳ್ಳೇವ ಇದ್ದಿರಬೇಕು" ಎಂದೆ.

ಅತ್ತೆಗೆ ಇದೊಂದೂ ತಿಳಿಯಲಿಲ್ಲ. "ಗಂಧದ ಗಿಡ ಹಚ್ಚೋರು ಮೈ ತೊಳಕೊಂಡು ಬರಬೇಕು. ಹೋಗ್ರಿ ಅಳಿಯಂದ್ರೇ."

"ತಗೋರಿ" ಎಂದು ಕೇಶರ ಆ ಸಾಬೂನನ್ನು ನನ್ನ ಅಂಗೈಯಲ್ಲಿಟ್ಟಳು. "ಗಿಡಕ್ಕ ಇಲ್ಲಂದ್ರೂ ನಿಮಗರೆ ಹತ್ತಲಿ ಗಂಧ."

ನಾನು ಬಚ್ಚಲಕ್ಕೆ ಓಡಿ ಬಾಗಿಲು ಹಾಕಿಕೊಂಡೆ. ಹೊರಗೆ ಕೇಶರ ಮೆಲ್ಲನೆ ಏನೋ ಹೇಳತೊಡಗಿದಳು. ಅಷ್ಟರಲ್ಲಿ ಬೀದಿಬಾಗಿಲು ಕಿರ್ ಎಂದಿತು. ಖಾಲಾ ಬಂದರು. ಕೇಶರ ಮೊದಲಿನಿಂದ ಹೇಳಿದಳು. ಮಾಲಿ ಬಂದ, ಗುಂತಕಲ್ ಬಂತು, ನೊರೆ ಬಂತು, ಪ್ರಯಾಣದ ಆಯಾಸ ಬಂತು. 'ಉಚ್ಚೆಕಾಯಿ' ಬಂದಾಗ ಅತ್ತೆ "ಅಯ್ಯ ಶಿವನೇ, ನಾ ಅದಕ ಕುಂಕುಮ ಹಚ್ಚೇನಲ್ಲೋ!" ಎಂದು ಕೂಗಿದರು. ಆಮೇಲೆ ಮೂರೂ ಜನ ನಗತೊಡಗಿದರು. ಭಾಲ್ಕಿಯ ನಗೆ, ಬೀದರದ ನಗೆ, ದಖನಿ ನಗೆ, ಮೂರೂ ಒಂದೇ ರಾಜ್ಯಕ್ಕೆ ಸೇರಿಬಿಟ್ಟಿದ್ದವು.

"ಆ ಮರಿ ಇಲ್ಲಿ ನಕ್ಕೊ, ಬ್ಯಾಡ ಬಾಯಿ" ಎಂದು ಖಾಲಾ ಕಣ್ಣೊರೆಸಿಕೊಳ್ಳುತ್ತ ಅತ್ತೆಗೆ ಹೇಳುವುದು ಕೇಳಿಸಿತು. "ಒಂದು ಎಲಿ ಕಂಡ್ರ ಖಾಲಿ ಮಾಡಸ್ತೇನಿ ಅಂತ ಬಾವಿ ಆಣಿ ಮಾಡೇನಿ. ಆಣಿ ಅಂದ್ರ ಆಣಿ."

ನಾನು ಹೊರಗೆ ಹೋಗುವ ಧೈರ್ಯವಿಲ್ಲದೆ ಮೈಗೆಲ್ಲ ಸಾಬೂನು ತಿಕ್ಕುತ್ತ ಕೂತೆ. ಅಷ್ಟು ದೂರದಿಂದ ನಾನು ಹೊತ್ತು ತಂದ ಗಂಧ ಮಣ್ಣುಪಾಲಾಗಿತ್ತು; ಅತ್ತೆ ತಂದ ಗಂಧ ನನ್ನ ಮೈ ಮುಟ್ಟಿತು. ನೊರೆ ಹರಿದು ಮೋರಿಯ ಕಡೆ ಹೋಯಿತು. ಕಣ್ಣು ಅದರ ಹಿಂದೆ ಹೋಯಿತು. ಮೋರಿಯ ಬಾಯಲ್ಲಿ, ಹೊಸ ಸುಣ್ಣದ ಗೋಡೆಗೆ ಆನಿಕೊಂಡು, ಎರಡು ಪುಟ್ಟ ಕೆಂಪು ಎಲೆ.

ಕಿತ್ತೆ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಸಾಬೂನಿನ ಕೈ ಜಾರಿ ಹಿಂದಕ್ಕೆ ಕೂತೆ.

"ಏ ಮಚ್ಛೇಂದ್ರ ಬೇಟಾ!" ಎಂದರು ಖಾಲಾ ಹೊರಗಿನಿಂದ. "ಏನು ಬಿತ್ತು ಒಳಗ?"

"ಏನಿಲ್ರಿ ಖಾಲಾ" ಎಂದು, ಮೋರಿಗೆ ಬೆನ್ನು ಕೊಟ್ಟು ಕೂತು ಅದನ್ನು ಮರೆಮಾಡಿದೆ. ಆಮೇಲೆ ಯಾಕೋ ತಡೆಯದೆ, ತಿರುಗಿ ಬಗ್ಗಿ ಮೂಸಿ ನೋಡಿದೆ.

ಗಂಧದ ವಾಸನೆ ಬರುತ್ತಿತ್ತು.